ಇನ್ನೊಬ್ಬಳ ನಂಬರಿನಲ್ಲಿ ಆರು ವರ್ಷ

ಆರೋಗ್ಯ ಇಲಾಖೆಯ ತಪಾಸಣೆಯವರ ಜೀಪು ಗೇಟಿನ ಮುಂದೆ ನಿಂತ ಕೂಡಲೇ ನಮ್ಮ ಮ್ಯಾನೇಜರ್ ರಮೇಶ್‌ಬಾಬು ಮೆಟ್ಟಿಲು ಹತ್ತಿ ಓಡಿಬಂದು ಮುನಿಲಕ್ಷ್ಮಿ ಸಿಸ್ಟರ್ ಕೈಗೆ ಪೊರಕೆ ಕೊಟ್ಟರು.

"ಕೋಟ್ ಬಿಚ್ಚಮ್ಮ, ಬೇಗ. ಅರ್ಧ ಗಂಟೆ ಅಷ್ಟೇ. ಹೆರಿಗೆ ವಾರ್ಡಿನ ಕಡೆ ಗುಡಿಸ್ತಾ ಇರು. ಯಾರು ಏನು ಕೇಳಿದ್ರೂ ಬಾಯಿ ಬಿಡಬೇಡ."

ಅವರು ಇದನ್ನು ಹೇಳಿದ್ದು ನನ್ನೆದುರಿಗೇ. ನಾನು ಆ ನರ್ಸಿಂಗ್ ಹೋಮಿನ ಲ್ಯಾಬ್ ಟೆಕ್ನಿಷಿಯನ್, ಹೆಸರು ಪದ್ಮಶ್ರೀ. ಚಿಂತಾಮಣಿಯಲ್ಲಿ ಅದು ಎಲ್ಲಿದೆ, ಅದರ ಹೆಸರೇನು ಅನ್ನುವುದನ್ನು ಬರೆಯುವುದಿಲ್ಲ, ಡಾಕ್ಟರ, ಮ್ಯಾನೇಜರ ಹೆಸರೂ ನಿಜದ್ದಲ್ಲ, ಪ್ರಕರಣ ಇನ್ನೂ ಮುಗಿದಿಲ್ಲ. ನಡೆದದ್ದನ್ನು ಮಾತ್ರ ಬರೆಯುತ್ತೇನೆ, ನನ್ನ ಪಾಲಿನ ಹೇಡಿತನವನ್ನೂ ಬಿಡದೆ.

ಮುನಿಲಕ್ಷ್ಮಿ ನನಗಿಂತ ಆರು ವರ್ಷ ದೊಡ್ಡವರು, ಹಾಗಾಗಿ ನನಗೆ ಅಕ್ಕ. ಹುಟ್ಟಿದ್ದು ಅಂಬಾಜಿದುರ್ಗ ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ. ಅಪ್ಪ ವೆಂಕಟರಾಮಪ್ಪನವರಿಗೆ ಜಮೀನು, ತೋಟ ಎಲ್ಲ ಇತ್ತು. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಪಿಯುಸಿ ಆದ ಮೇಲೆ ನರ್ಸಿಂಗ್ ಓದುತ್ತೀನಿ ಅಂತ ಹಟ ಹಿಡಿದಾಗ, ಸೋದರಮಾವ ಮದನಪಲ್ಲಿಯಲ್ಲಿದ್ದಾರೆ, ಅಲ್ಲೇ ಓದಲಿ ಅಂತ ಅಪ್ಪ ಕಳಿಸಿದರು. ಚಿಂತಾಮಣಿಯಿಂದ ಮದನಪಲ್ಲಿಗೆ ಎಷ್ಟು ಹೊತ್ತಿನ ದಾರಿ? ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ ಬರಬಹುದು. ನಡುವೆ ಒಂದು ರಾಜ್ಯದ ಗಡಿ ಇದೆ ಅನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಮೂರೂವರೆ ವರ್ಷ ಓದಿ, ಆಂಧ್ರದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡು, ತಿರುಪತಿಯ ದೊಡ್ಡ ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ಐದು ವರ್ಷ ಕೆಲಸ ಮಾಡಿದರು. ಆಮೇಲೆ ಮದುವೆ. ಗಂಡ ಕನಕರಾಜ್ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಕೆಲಸಕ್ಕಿದ್ದವರು. ಮನೆ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ಮಧ್ಯದ ಒಂದು ಊರಿನಲ್ಲಿ. ಅಕ್ಕ ನಮ್ಮ ನರ್ಸಿಂಗ್ ಹೋಮಿಗೆ ಬಂದದ್ದು ಹಾಗೆ.

ಒಂದು ರಾಜ್ಯದಲ್ಲಿ ನೋಂದಣಿಯಾದ ನರ್ಸು ಇನ್ನೊಂದು ರಾಜ್ಯದಲ್ಲಿ ಕೆಲಸ ಮಾಡಬೇಕಾದರೆ ಮೊದಲಿನ ಕೌನ್ಸಿಲ್‌ನಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮತ್ತೆ ನೋಂದಾಯಿಸಿಕೊಳ್ಳಬೇಕು. ಇದು ಅಕ್ಕನಿಗೆ ಗೊತ್ತಿತ್ತು. ಕೆಲಸಕ್ಕೆ ಸೇರುವ ದಿನವೇ ನಮ್ಮ ಡಾಕ್ಟರ್ ಮುರಳಿಮೋಹನ್ ಅವರಿಗೆ ಹೇಳಿದರು.

"ಅದೇನು ದೊಡ್ಡ ವಿಷಯಾಮ್ಮ?" ಅಂದರಂತೆ ಡಾಕ್ಟರು. "ಒರಿಜಿನಲ್ಸ್ ಎಲ್ಲ ಇಲ್ಲಿ ಕೊಟ್ಟಿರು. ಬೆಂಗಳೂರಲ್ಲಿ ನಮ್ಮೋರಿದಾರೆ, ನಾನೇ ಮಾಡಿಸಿಕೊಡ್ತೀನಿ."

ಒರಿಜಿನಲ್ಸ್ ಡಾಕ್ಟರ ಟೇಬಲ್ಲಿನ ಡ್ರಾಯರ್ ಸೇರಿದವು, ಅಲ್ಲಿಂದ ಮೇಲೇಳಲೇ ಇಲ್ಲ. ಮೊದಲ ವರ್ಷ "ಆಗುತ್ತೆ" ಅಂದರು. ಎರಡನೇ ವರ್ಷ ಅಕ್ಕನಿಗೆ ಮಗು ಆಯಿತು. ಆಮೇಲೆ ಕೊರೊನಾ. ಆಮೇಲೆ ಕೇಳಿದಾಗಲೆಲ್ಲ "ನಿನ್ನನ್ನ ಯಾರು ಕೇಳ್ತಾರೆ ಬಿಡಮ್ಮ" ಅನ್ನುತ್ತಿದ್ದರು. ನೋಂದಣಿ ಇಲ್ಲದ ನರ್ಸು ಬೇರೆ ಕಡೆ ಹೋಗಲಾರಳು, ಸಂಬಳ ಜಾಸ್ತಿ ಕೇಳಲಾರಳು, ರಜೆಗೆ ಜಗಳ ಆಡಲಾರಳು. ಇದು ನಮಗೆಲ್ಲ ಅರ್ಥವಾಗಿತ್ತು. ಮಾತಾಡಿಕೊಂಡಿದ್ದೂ ಉಂಟು, ಕ್ಯಾಂಟೀನಿನಲ್ಲಿ, ಟೀ ಕುಡಿಯುತ್ತಾ.

ಅದಕ್ಕಿಂತ ಹೊಲಸು ಸಂಗತಿ ಇನ್ನೊಂದಿತ್ತು. ಡ್ಯೂಟಿ ರಿಜಿಸ್ಟರಿನಲ್ಲಿ, ಕೇಸ್ ಶೀಟುಗಳಲ್ಲಿ ಅಕ್ಕ "ಕವಿತ, ಸ್ಟಾಫ್ ನರ್ಸ್" ಅಂತ ಸಹಿ ಮಾಡಬೇಕಿತ್ತು. ಕವಿತ ಅನ್ನುವವರು ನನಗಿಂತ ಮುಂಚೆ ಅಲ್ಲಿ ಕೆಲಸ ಮಾಡಿ ಬಿಟ್ಟು ಹೋದ ನರ್ಸು. ಅವರು ಹೋದರೂ ಅವರ ಕರ್ನಾಟಕದ ನೋಂದಣಿ ನಂಬರು ನಮ್ಮ ಫೈಲಿನಲ್ಲೇ ಉಳಿದಿತ್ತು. ಕೊಟ್ಟ ಇಂಜೆಕ್ಷನ್, ಹಿಡಿದ ಮಗು, ಎಲ್ಲದರ ಕೆಳಗೂ ಕವಿತ. ಸಂಬಳದ ಪುಸ್ತಕದಲ್ಲಿ ಮಾತ್ರ ಮುನಿಲಕ್ಷ್ಮಿ, ಆಯಾ.

ತಪಾಸಣೆಗೆ ಮೂರು ದಿನ ಮುಂಚೆ ಗಂಗುಲಮ್ಮ ಅನ್ನುವ ಹೆಂಗಸು ಹೆರಿಗೆಗೆ ಬಂದಿದ್ದಳು. ಮಧ್ಯಾಹ್ನ ಹೆರಿಗೆ ಆಯಿತು, ಹೆಣ್ಣು ಮಗು. ಡಾಕ್ಟರು ಮಗುವಿನ ಮುಖ ನೋಡಿ, "ಎಲ್ಲ ಸರಿ ಇದೆ" ಅಂತ ಹೇಳಿ, ಚಿಕ್ಕಬಳ್ಳಾಪುರದ ತಮ್ಮ ಇನ್ನೊಂದು ಕ್ಲಿನಿಕ್ಕಿಗೆ ಹೊರಟುಹೋದರು. ಅವರ ಕಾರು ಹೋಗಿ ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಗಂಗುಲಮ್ಮನಿಗೆ ರಕ್ತ ಹೋಗಲು ಶುರುವಾಯಿತು. ಗರ್ಭಕೋಶ ಬಿಗಿಯಾಗಿರಲಿಲ್ಲ. ಹಾಸಿಗೆ ತೊಯ್ದು ನೆಲಕ್ಕೆ ಇಳಿಯುವಷ್ಟು ರಕ್ತ. ನನ್ನನ್ನು ಕೂಗಿದರು. ಗುಂಪು ನೋಡಲು ರಕ್ತ ತೆಗೆಯಬೇಕಿತ್ತು, ಎರಡು ಸಲ ಚುಚ್ಚಿದರೂ ನನಗೆ ರಕ್ತನಾಳ ಸಿಗಲಿಲ್ಲ. ಅಕ್ಕ ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದೇ ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದು ಸೂಜಿ ಕೂರಿಸಿದರು.

"ಪದ್ದೂ, ಅಳಬೇಡ. ಹೋಗಿ ಕೆಲಸ ನೋಡು" ಅಂದರು. ಡ್ರಿಪ್ಪಿನಲ್ಲಿ ಔಷಧಿ ಹಾಕಿಸಿದರು, ಆಂಬುಲೆನ್ಸಿಗೆ ಹೇಳಿಸಿದರು, ಡಾಕ್ಟರಿಗೆ ಮೂರು ಸಲ ಫೋನ್ ಮಾಡಿಸಿದರು, ಮೂರನೆಯ ಸಲಕ್ಕೆ ಎತ್ತಿದರು. ಡಾಕ್ಟರು ಬರುವ ತನಕ, ಮುಕ್ಕಾಲು ಗಂಟೆ, ಎರಡೂ ಕೈಯಿಂದ ಆ ಗರ್ಭಕೋಶವನ್ನು ಒತ್ತಿ ಹಿಡಿದಿದ್ದರು. ಡಾಕ್ಟರು ಬರುವಷ್ಟರಲ್ಲಿ ರಕ್ತ ನಿಂತಿತ್ತು. ಆಂಬುಲೆನ್ಸ್ ವಾಪಸ್ ಹೋಯಿತು. ಕೈ ತೊಳೆದುಕೊಂಡು ಬಂದ ಅಕ್ಕ ಕೇಸ್ ಶೀಟು ಬರೆದು ಕೆಳಗೆ ಸಹಿ ಹಾಕಿದರು: ಕವಿತ.

ಈಗ ಪೊರಕೆಗೆ ಬರುತ್ತೇನೆ.

ತಪಾಸಣೆಗೆ ಬಂದವರಲ್ಲಿ ದೊಡ್ಡ ಅಧಿಕಾರಿ ಒಬ್ಬ ಹೆಂಗಸು, ತಾವೂ ಡಾಕ್ಟರು. ವಾರ್ಡಿಗೆ ಬಂದು ಫೈಲು ತೆರೆದು, "ಕವಿತ ಯಾರು?" ಅಂದರು. ಸಂಬಳದ ಪುಸ್ತಕದ ಪ್ರಕಾರ ಅಕ್ಕ ಆಯಾ ಆಗಿರಬೇಕಲ್ಲ, ಅದಕ್ಕೆ ರಮೇಶ್‌ಬಾಬು ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಗೆ ಅಕ್ಕನ ಕೋಟು ತೊಡಿಸಿ ನಿಲ್ಲಿಸಿದ್ದರು. ತೋಳು ಉದ್ದವಾಗಿ ಬೆರಳೇ ಕಾಣುತ್ತಿರಲಿಲ್ಲ. ಆ ಹುಡುಗಿ ತಲೆ ತಗ್ಗಿಸಿಕೊಂಡು "ನಾನೇ ಮೇಡಂ" ಅಂದಳು.

ಮೂಲೆಯ ಮಂಚದಿಂದ ಗಂಗುಲಮ್ಮ ಮೊಣಕೈ ಊರಿ ಎದ್ದಳು. "ಆ ಹುಡುಗಿ ಅಲ್ಲ ಮೇಡಂ. ನನ್ನ ಜೀವ ಉಳಿಸಿದ್ದು ಇವರು." ಅವಳ ಕೈ ನೇರವಾಗಿ ಪೊರಕೆ ಹಿಡಿದು ನಿಂತಿದ್ದ ಅಕ್ಕನ ಕಡೆ ಇತ್ತು. "ಸಿಸ್ಟರ್, ಯಾಕಮ್ಮಾ ಕಸ ಗುಡಿಸ್ತಾ ಇದ್ದೀರಾ?"

"ಪಾಪ, ರಕ್ತ ಬಹಳ ಹೋಗಿದೆ ಮೇಡಂ, ಇನ್ನೂ ಮಂಪರು" ಅಂತ ರಮೇಶ್‌ಬಾಬು ನಕ್ಕರು.

ಅಧಿಕಾರಿಗೆ ಏನೋ ಅನುಮಾನ ಬಂತು. ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. "ನೀವು ಹೇಳಿ. ಇವರು ಯಾರು?"

ನಾನು ಅಕ್ಕನ ಮುಖ ನೋಡಲಿಲ್ಲ. "ಆಯಾ, ಮೇಡಂ" ಅಂದೆ.

ಇವತ್ತಿಗೂ ಆ ಎರಡು ಪದ ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಹಾಗಾಗುತ್ತದೆ. ಕೆಲಸದ ಭಯ, ನಮ್ಮಪ್ಪನ ಆಪರೇಷನ್ನು, ಎಲ್ಲ ನೆಪ ನನ್ನ ಹತ್ತಿರ ಇದ್ದವು. ಯಾವ ನೆಪವೂ ಆ ಮಾತನ್ನು ತೊಳೆಯುವುದಿಲ್ಲ.

ಜೀಪು ಹೋಯಿತು. ಅಕ್ಕ ಪೊರಕೆಯನ್ನು ವಾರ್ಡಿನ ಮಧ್ಯದಲ್ಲೇ ಬಿಸಾಡಿ ನೇರವಾಗಿ ಡಾಕ್ಟರ ಕೋಣೆಗೆ ನಡೆದರು. ಬಾಗಿಲು ತೆರೆದೇ ಇತ್ತು, ಒಂದೊಂದು ಮಾತೂ ನಮಗೆ ಕೇಳಿಸಿತು.

"ನನ್ನ ಒರಿಜಿನಲ್ಸ್ ಕೊಡಿ ಸಾರ್. ಆರು ವರ್ಷದ ಅನುಭವ ಪತ್ರಾನೂ ಕೊಡಿ. ನಾನೇ ನೋಂದಣಿ ಮಾಡಿಸ್ಕೊಳ್ತೀನಿ."

"ಯಾವ ಅನುಭವ?" ಡಾಕ್ಟರ ದನಿ ತಣ್ಣಗಿತ್ತು. "ನಮ್ಮ ರೆಕಾರ್ಡಲ್ಲಿ ನೀನು ನರ್ಸೇ ಅಲ್ಲ. ಆಯಾ ಅಂತ ಬೇಕಾದ್ರೆ ಬರೆದುಕೊಡ್ತೀನಿ. ನೋಂದಣಿ ಇಲ್ದೇ ನರ್ಸ್ ಕೆಲಸ ಮಾಡಿದೆ ಅಂತ ನೀನೇ ಹೊರಗೆ ಹೇಳ್ಕೊಂಡ್ರೆ ಒಳಗೆ ಹೋಗೋಳು ನೀನು, ತಿಳ್ಕೊ."

"ಸರ್ಟಿಫಿಕೇಟ್?"

"ಹುಡುಕಿಸ್ತೀನಿ. ಮುಂದಿನ ತಿಂಗಳು ಬಾ."

ಆ ಸಾಯಂಕಾಲ ಅಕ್ಕ ಮನೆಗೆ ಹೋಗಿ ನಡೆದದ್ದನ್ನು ಹೇಳಿದಾಗ ಏನಾಯಿತು ಅನ್ನುವುದನ್ನು ಆಮೇಲೆ ಅವರ ಬಾಯಿಂದಲೇ ಕೇಳಿದ್ದೇನೆ. ಕನಕರಾಜ್ ಒಳ್ಳೆಯ ಮನುಷ್ಯ, ಆದರೆ ಜಗಳ ಅಂದರೆ ಆಗದು. "ದೊಡ್ಡೋರು ಕಣೇ ಅವರು. ಒಂದು ತಿಂಗಳು ತಾನೇ, ನೋಡಣ" ಅಂದರಂತೆ. ಅತ್ತೆ ಲಕ್ಷ್ಮೀನರಸಮ್ಮ ರೇಷ್ಮೆ ಹುಳು ಸಾಕುವ ಕೋಣೆಯ ತಟ್ಟೆ ಸರಿಮಾಡುತ್ತಿದ್ದವರು ಹೊರಗೆ ಬಂದರು. ಅತ್ತೆ ಸೊಸೆ ಅಂಥಾ ಹೊಂದಾಣಿಕೆಯವರೇನಲ್ಲ. ಸೊಸೆ ಕೆಲಸಕ್ಕೆ ಹೋಗುವುದೇ ಆ ಮುದುಕಿಗೆ ಇಷ್ಟವಿರಲಿಲ್ಲ.

"ಕೈಗೆ ಏನು ಕೊಟ್ಟರು ಅಂದೆ?"

"ಪೊರಕೆ ಅತ್ತೆ."

"ನಮ್ಮನೆ ಸೊಸೆ ಕೈಗೆ?" ಲಕ್ಷ್ಮೀನರಸಮ್ಮ ಮಗನ ಕಡೆ ತಿರುಗಿದರು. "ನೋಡಣ ಅಂತೀಯಲ್ಲೋ, ಏನು ನೋಡ್ತೀಯಾ? ಹುಳು ಪೊರೆ ಬಿಡೋ ಜ್ವರಕ್ಕೆ ಕೂತವೆ, ನಾಳೆ ಸೊಪ್ಪು ಹಾಕೋ ಕೆಲಸ ಇಲ್ಲ. ನಾನು ಹೋಗ್ತೀನಿ ಇವಳ ಜೊತೆ."

ಮಾರನೆಯ ದಿನ ಮಂಗಳವಾರ. ಚಿಂತಾಮಣಿಯಲ್ಲಿ ಮಂಗಳವಾರದ ಹೊರರೋಗಿಗಳ ಸಾಲು ಅಂದರೆ ಮೆಟ್ಟಿಲ ತನಕ ಇರುತ್ತದೆ. ಹನ್ನೊಂದು ಗಂಟೆಗೆ ಅತ್ತೆ ಸೊಸೆ ಇಬ್ಬರೂ ಬಂದರು. ಅತ್ತೆ ಮದುವೆ ಮನೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟಿದ್ದರು. ರಮೇಶ್‌ಬಾಬು ಅಡ್ಡ ಬಂದರೆ, "ಪಕ್ಕಕ್ಕಿರಪ್ಪ" ಅಂತ ಒಂದೇ ಮಾತು. ಜನರ ಮಧ್ಯೆ ನಿಂತು ಅಕ್ಕ ಗಟ್ಟಿಯಾಗಿ ಕೇಳಿದರು:

"ಡಾಕ್ಟ್ರೇ, ನನ್ನ ಸರ್ಟಿಫಿಕೇಟು ಕೊಡಿ."

ಡಾಕ್ಟರು ಕೋಣೆಯಿಂದ ಅರ್ಧ ಹೊರಗೆ ಬಂದರು. "ಒಳಗೆ ಬಾಮ್ಮ, ಕೂತು ಮಾತಾಡಣ."

"ಒಳಗೆ ಬರಲ್ಲ. ಒಳಗೆ ಹೇಳಿದ ಮಾತು ಒಳಗೇ ಸಾಯ್ತದೆ. ಹತ್ತನೇ ಕ್ಲಾಸಿಂದ ಹಿಡಿದು ನರ್ಸಿಂಗ್ ತನಕ ನನ್ನ ಅಷ್ಟೂ ಕಾಗದ ನಿಮ್ಮ ಡ್ರಾಯರಲ್ಲಿದೆ. ನನ್ನ ಓದು ನಿಮ್ಮ ಡ್ರಾಯರಲ್ಲಿ ಯಾಕಿರಬೇಕು?"

"ಹುಡುಕಿಸ್ತೀನಿ ಅಂದೆನಲ್ಲ..."

"ಎಂದುಕು, ಯಾಕೆ ಹುಡುಕೋದು?" ಲಕ್ಷ್ಮೀನರಸಮ್ಮ ಬೆಂಚಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡರು. "ಎಲ್ಲಿದೆ ಅಂತ ಅವಳೇ ಹೇಳ್ತಾವ್ಳಲ್ಲ. ಕೈ ಹಾಕಿ ತೆಗಿ ನಾಯನಾ. ತೆಗೆಯೋ ತನಕ ನಾನು ಇಲ್ಲೇ ಕೂತಿರ್ತೀನಿ, ನನಗೇನೂ ಅವಸರ ಇಲ್ಲ."

ಸಾಲಿನಲ್ಲಿದ್ದ ಹೆಂಗಸರಲ್ಲಿ ಅರ್ಧಕ್ಕೆ ಅರ್ಧ ಜನ ಅಕ್ಕನ ಕೈಯಲ್ಲಿ ಹೆತ್ತವರು. "ನಮ್ಮ ಸಿಸ್ಟರ್ ಕಾಗದ ಇಟ್ಕೊಂಡವ್ರಾ?" ಅಂತ ಒಬ್ಬಳು, "ಯಾತಕ್ಕಂತೆ?" ಅಂತ ಇನ್ನೊಬ್ಬಳು. ಮಾತು ಮೆಟ್ಟಿಲಿಳಿದು ಬೀದಿಗೆ ಹೋಯಿತು. ಇಪ್ಪತ್ತು ನಿಮಿಷದಲ್ಲಿ ಹಸಿರು ಫೈಲು ಹೊರಗೆ ಬಂತು. ಡಾಕ್ಟರು ಕೊಟ್ಟದ್ದಲ್ಲ. ಮ್ಯಾನೇಜರ್ ಕೈಲಿ ಕೊಡಿಸಿದರು, ತಾವು ಬಾಗಿಲು ಹಾಕಿಕೊಂಡರು.

ಹೊರಗೆ ಬಂದ ಮೇಲೆ ನಾನು ಅಕ್ಕನ ಹಿಂದೆ ಓಡಿದೆ. "ಅಕ್ಕ, ಕ್ಷಮಿಸಿಬಿಡಿ" ಅಂದೆ. ಅವರು ನಿಂತು ನನ್ನನ್ನು ನೋಡಿದರು.

"ಕ್ಷಮಿಸೋಕೆ ಈಗ ನನಗೆ ಟೈಮಿಲ್ಲ ಪದ್ದೂ. ಆ ಕವಿತ ಎಲ್ಲಿದಾರೆ ಅಂತ ನಿನಗೆ ಗೊತ್ತಾದ್ರೆ ಹೇಳು."

ಹಳೆಯ ಸಿಬ್ಬಂದಿ ಒಬ್ಬರನ್ನು ಹಿಡಿದು ಫೋನ್ ನಂಬರು ಸಂಪಾದಿಸಿದೆ. ಕವಿತ ಗೌರಿಬಿದನೂರಿನಲ್ಲಿದ್ದರು. ಮುಂದಿನ ಭಾನುವಾರ ನಾನೂ ಅಕ್ಕನೂ ಹೋದೆವು. ಕವಿತ ಆ ನಂಬರಿಗೆ ಡಾಕ್ಟರಿಂದ ಬಾಡಿಗೆ ತಿನ್ನುತ್ತಿರಬೇಕು ಅಂತ ಅಕ್ಕನ ಅನುಮಾನ. ನನಗೂ ಹಾಗೇ ಅನ್ನಿಸಿತ್ತು.

ಬಾಗಿಲು ತೆಗೆದದ್ದು ಸಣಕಲು ಹೆಂಗಸು, ಕೈಯಲ್ಲಿ ಹಿಟ್ಟು. ಸೊಂಟ ನೋವಿನಿಂದ ನರ್ಸ್ ಕೆಲಸ ಬಿಟ್ಟು ಮನೆಯಲ್ಲೇ ಹಪ್ಪಳ ಮಾಡಿ ಮಾರುತ್ತಿದ್ದರು. ಅಕ್ಕ ಹೇಳಿದ್ದೆಲ್ಲ ಕೇಳಿ ಮೊದಲು ನಂಬಲೇ ಇಲ್ಲ. ಅಕ್ಕ ತಮ್ಮ ಮೊಬೈಲಿನಲ್ಲಿದ್ದ ಡ್ಯೂಟಿ ರಿಜಿಸ್ಟರಿನ ಫೋಟೋ ತೋರಿಸಿದಾಗ ಅವರ ಮುಖ ಬಿಳಿಚಿಕೊಂಡಿತು.

"ನಾನು ಬಿಟ್ಟು ಏಳು ವರ್ಷ ಆಯ್ತಲ್ರೀ. ಆ ಗಂಗುಲಮ್ಮ ಸತ್ತಿದ್ರೆ?"

"ಸತ್ತಿದ್ರೆ ಪೊಲೀಸು ಹುಡುಕ್ಕೊಂಡು ಬರ್ತಿದ್ದದ್ದು ನಿಮ್ಮನ್ನ" ಅಂದರು ಅಕ್ಕ.

ಕವಿತ ಹಿಟ್ಟಿನ ಕೈಯಲ್ಲೇ ಕುರ್ಚಿಯ ಬೆನ್ನು ಹಿಡಿದು ನಿಂತರು. ಆಮೇಲೆ ಶುರುವಾಯಿತು ಅವರ ಬೈಗುಳ. ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ ಹೊರಡುತ್ತದೆ ಅಂತ ನಾನು ಎಣಿಸಿರಲಿಲ್ಲ. ಡಾಕ್ಟರನ್ನು, ಮ್ಯಾನೇಜರನ್ನು ಬೈದು ಮುಗಿಸಿ ಅಕ್ಕನನ್ನೂ ಬಿಡಲಿಲ್ಲ. "ನೀವಾದ್ರೂ ಏನು? ಆರು ವರ್ಷ ನನ್ನ ಹೆಸರು ಬರೆಯೋವಾಗ ಕೈ ನಡುಗಲಿಲ್ವಾ? ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

ಅಕ್ಕ ತಲೆ ತಗ್ಗಿಸಿದರು. ನಾನು ಅವರನ್ನು ಹಾಗೆ ಕಂಡದ್ದು ಅದೊಂದೇ ಸಲ. "ಅನ್ನಿಸಬೇಕಿತ್ತು. ತಪ್ಪಾಯ್ತು" ಅಂದರು. ಆ ಮಾತಿನ ಮೇಲೆ ಕವಿತ ನಮ್ಮನ್ನು ಕೂರಿಸಿ ಊಟ ಹಾಕಿದರು. ಊಟವಾದ ಮೇಲೆ ಮೂವರೂ ಕೂತು ಜಿಲ್ಲಾ ಆರೋಗ್ಯ ಇಲಾಖೆಗೆ ದೂರು ಬರೆದೆವು. ಅಕ್ಕನದು ಒಂದು, ಕವಿತ ಅವರದು ಒಂದು, ಮೂರನೆಯದು ನನ್ನದು. ತಪಾಸಣೆಯ ದಿನ ನಾನು ಸುಳ್ಳು ಹೇಳಿದೆ ಅಂತ ನನ್ನ ಕೈಯಾರೆ ಬರೆದೆ. ಆ ದೂರು ತಲುಪಿದ ವಾರದಲ್ಲೇ ನನ್ನ ಕೆಲಸ ಹೋಯಿತು. ಈಗ ಚಿಕ್ಕಬಳ್ಳಾಪುರದ ಒಂದು ಲ್ಯಾಬಿನಲ್ಲಿದ್ದೇನೆ.

ನೋಂದಣಿಯ ಕಥೆ ಬೇರೆ. ಕಾಗದ ಕೈಗೆ ಬಂದಾಗ ಅಕ್ಕನ ಆಂಧ್ರದ ನೋಂದಣಿಯೇ ಕಾಲ ಮುಗಿದು ಸತ್ತುಹೋಗಿತ್ತು. ನವೀಕರಿಸಲು ಬೇಕಿದ್ದ ಒರಿಜಿನಲ್ಸ್ ಡ್ರಾಯರಿನಲ್ಲಿದ್ದವಲ್ಲ. ಸತ್ತ ನೋಂದಣಿಗೆ ಯಾರೂ ನಿರಾಕ್ಷೇಪಣಾ ಪತ್ರ ಕೊಡುವುದಿಲ್ಲ. ಮೊದಲು ಅದಕ್ಕೆ ಜೀವ ಕೊಡಬೇಕು, ಆಮೇಲೆ ಪತ್ರ, ಆಮೇಲೆ ಬೆಂಗಳೂರು. ಆಂಧ್ರದ ಕೌನ್ಸಿಲ್ ಇರುವ ವಿಜಯವಾಡಕ್ಕೆ ಎರಡು ಸಲ ಹೋಗಿಬಂದರು, ಒಂದು ಸಲ ಮಗುವನ್ನೂ ಕಟ್ಟಿಕೊಂಡು.

ಅದರ ಮೇಲೆ ಹೆಸರಿನ ತೊಡಕು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅವರು "ಮುನಿಲಕ್ಷ್ಮಿ ವಿ." ಮದನಪಲ್ಲಿಯ ಕಡೆ ಹೆಸರಿನ ಮುಂದೆ ಮನೆತನದ ಹೆಸರು ಸೇರಿಸುವ ರೂಢಿ, ಹಾಗಾಗಿ ನರ್ಸಿಂಗ್ ಸರ್ಟಿಫಿಕೇಟಿನಲ್ಲಿ "ಗುಟ್ಟಪಲ್ಲಿ ಮುನಿಲಕ್ಷ್ಮಿ." ಆಧಾರ್ ಕಾರ್ಡಿನಲ್ಲಿ "ಮುನಿಲಕ್ಷ್ಮಿ ಕನಕರಾಜ್." ಈ ಮೂವರೂ ಒಬ್ಬಳೇ ಅಂತ ನೋಟರಿ ಎದುರು ಪ್ರಮಾಣಪತ್ರ ಮಾಡಿಸಲು ನಾನೂ ಜೊತೆಗೆ ಹೋಗಿದ್ದೆ. ಟೈಪ್ ಮಾಡುವವನು, "ಇನ್ನೂ ಯಾವುದಾದ್ರೂ ಹೆಸರಿದೆಯಾ ಮೇಡಂ?" ಅಂತ ಸುಮ್ಮನೆ ಕೇಳಿದ. ಅಕ್ಕ ಉರಿದುಬಿದ್ದರು. "ಇದೆ ಕಣಪ್ಪ. ಅದು ನಾನಿಟ್ಟುಕೊಂಡದ್ದಲ್ಲ. ನೀನು ಟೈಪ್ ಮಾಡು." ಪಾಪ, ಅವನಿಗೇನು ಗೊತ್ತು? ಹೊರಗೆ ಬಂದ ಮೇಲೆ ಅಕ್ಕ ತಮ್ಮಷ್ಟಕ್ಕೇ ಬೇಸರ ಮಾಡಿಕೊಂಡರು. "ಯಾರ ಮೇಲಿನ ಸಿಟ್ಟು ಯಾರ ಮೇಲೆ ತೀರಿಸ್ತಾ ಇದ್ದೀನಿ ನೋಡು" ಅಂದರು.

ಆ ದಿನಗಳಲ್ಲಿ ಅವರು ಎಲ್ಲೂ ನರ್ಸ್ ಕೆಲಸ ಮಾಡಲಿಲ್ಲ. ಶಿಡ್ಲಘಟ್ಟದಿಂದ ಎರಡು ಕಡೆಯಿಂದ ಕರೆ ಬಂತು, "ನೋಂದಣಿ ಆಮೇಲೆ ನೋಡಣ, ಈಗ ಬನ್ನಿ ಸಿಸ್ಟರ್" ಅಂತ. "ಆಮೇಲೆ ಅನ್ನೋ ಮಾತು ನನ್ನ ಹತ್ರ ಆಡಬೇಡಿ" ಅಂತ ಫೋನ್ ಇಟ್ಟರು. ಮನೆಯಲ್ಲಿ ಅತ್ತೆಯ ಜೊತೆ ಹುಳು ಮೇಯಿಸಿದರು. ಇಬ್ಬರೂ ದಿನಾ ಜಗಳ ಆಡುತ್ತಿದ್ದರು, ಸೊಪ್ಪು ಹೆಚ್ಚುವ ವಿಷಯಕ್ಕೂ, ಮಗುವಿಗೆ ತಲೆ ಬಾಚುವ ವಿಷಯಕ್ಕೂ. ಆದರೆ ಬೆಂಗಳೂರಿಗೆ ಹೋಗಬೇಕಾದ ದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಡುತ್ತಿದ್ದದ್ದು ಲಕ್ಷ್ಮೀನರಸಮ್ಮನೇ.

ಒಂದು ವರ್ಷ ಎರಡು ತಿಂಗಳಿಗೆ ಕರ್ನಾಟಕದ ನೋಂದಣಿ ಬಂತು. ಅದಾದ ಎರಡು ತಿಂಗಳಿಗೆ ಪೆರೇಸಂದ್ರದ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ನರ್ಸ್ ಕೆಲಸವೂ ಸಿಕ್ಕಿತು. ಸಂದರ್ಶನದಲ್ಲಿ ಅನುಭವ ಎಷ್ಟು ಅಂತ ಕೇಳಿದರಂತೆ. "ಹನ್ನೊಂದು ವರ್ಷ" ಅಂದರು. ಕಾಗದ ನೋಡಿ ಐದು ಅಂತ ಬರೆದುಕೊಂಡರು. ಅವರ ತಪ್ಪಲ್ಲ, ತಿರುಪತಿಯ ಪತ್ರ ಬಿಟ್ಟರೆ ಬೇರೆ ಪತ್ರವೇ ಇರಲಿಲ್ಲ. ನೂರಾರು ಹೆರಿಗೆ ಮಾಡಿಸಿದ ಹೆಂಗಸು ಈಗ ತನಗಿಂತ ಏಳು ವರ್ಷ ಚಿಕ್ಕವಳ ಕೈಕೆಳಗೆ ಡ್ಯೂಟಿ ಮಾಡುತ್ತಾರೆ. ಆ ಹುಡುಗಿ ಒಳ್ಳೆಯವಳು, ಕಷ್ಟದ ಹೆರಿಗೆ ಬಂದರೆ "ಅಕ್ಕ, ನೀವೇ ನೋಡಿ" ಅನ್ನುತ್ತಾಳೆ. ಅದರಿಂದ ಅಕ್ಕನ ಸಿಟ್ಟು ಇನ್ನೂ ಹೆಚ್ಚುತ್ತದೆ.

ಡಾಕ್ಟರು ಏನಾದರು ಅಂತ ಕೇಳುತ್ತೀರಿ. ವಿಚಾರಣೆ ನಡೆಯಿತು. ದಂಡ ಹಾಕಿದರು, ಹೆರಿಗೆ ವಾರ್ಡನ್ನು ಮೂರು ತಿಂಗಳು ಮುಚ್ಚಿಸಿದರು. ನಾಲ್ಕನೇ ತಿಂಗಳು ಹೊಸ ಬೋರ್ಡು, ಹೊಸ ಬಣ್ಣ, ಬಾಗಿಲಿಗೆ ಹೂವಿನ ತೋರಣ. ಮಂಗಳವಾರದ ಸಾಲು ಮತ್ತೆ ಮೆಟ್ಟಿಲ ತನಕ ಬೆಳೆದಿದೆ. ಅಂದು ಸಾಲಿನಲ್ಲಿ ನಿಂತು "ಯಾತಕ್ಕಂತೆ" ಅಂತ ಕೇಳಿದ ಹೆಂಗಸರೂ ಅದರಲ್ಲಿದ್ದಾರೆ. ಅವರನ್ನು ನಾನು ದೂರುವುದಿಲ್ಲ, ಹೊಟ್ಟೆ ನೋವು ಬಂದಾಗ ಜನ ಹತ್ತಿರ ಇರುವ ಡಾಕ್ಟರ ಹತ್ತಿರ ಹೋಗುತ್ತಾರೆ.

ಆರು ವರ್ಷ ನರ್ಸಾಗಿ ದುಡಿಸಿಕೊಂಡು ಆಯಾ ಅಂತ ಬರೆದರು ಅಂತ ಅಕ್ಕ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ್ದಾರೆ. ಕಳೆದ ತಿಂಗಳು ಡಾಕ್ಟರ ಕಡೆಯ ವಕೀಲರು ರಾಜಿಗೆ ಕರೆದರು. ಸಾಕ್ಷಿ ಅಂತ ನಾನೂ ಹೋಗಿದ್ದೆ. ವಕೀಲರು ಬಹಳ ಮರ್ಯಾದೆಯವರು, ಟೀ ತರಿಸಿದರು, ಒಂದು ಕಾಗದ ಮುಂದಿಟ್ಟರು. ಅದರಲ್ಲಿ, ಮುನಿಲಕ್ಷ್ಮಿ ಅನ್ನುವವರು ನಮ್ಮಲ್ಲಿ ಆರು ವರ್ಷ "ಆರೋಗ್ಯ ಸಹಾಯಕಿ"ಯಾಗಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ ಅಂತ ಇತ್ತು.

"ನೋಡಿಮ್ಮ, ಆಯಾ ಅಂತ ಬರೆದಿಲ್ಲ" ಅಂದರು. "ನೀವು ಅರ್ಜಿ ವಾಪಸ್ ತಗೊಂಡ್ರೆ ಇದಕ್ಕೆ ಇವತ್ತೇ ಸೀಲ್ ಹಾಕಿಸಿಕೊಡ್ತೀನಿ. ಎರಡೂ ಕಡೆಗೆ ಒಳ್ಳೇದು. ಎಷ್ಟು ದಿನ ಅಂತ ಈ ಸಿಟ್ಟು ಇಟ್ಕೊಳ್ತೀರಾ?"

ಅಕ್ಕ ಕಾಗದವನ್ನು ಎರಡು ಸಲ ಓದಿ ವಕೀಲರ ಕಡೆಗೆ ಮೆಲ್ಲಗೆ ತಳ್ಳಿದರು.

"ಸ್ಟಾಫ್ ನರ್ಸ್ ಅಂತ ಬರೆದು ತನ್ನಿ" ಅಂದರು. "ತಂದ ಮೇಲೂ ಅರ್ಜಿ ವಾಪಸ್ ತಗೊಳ್ಳಲ್ಲ."

ಅಷ್ಟು ಹೇಳಿ ಅಕ್ಕ ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದರು. ಎರಡು ಗಂಟೆಗೆ ಡ್ಯೂಟಿ ಇತ್ತು, ಪೆರೇಸಂದ್ರದ ಬಸ್ಸು ಹೊರಡುವ ಹೊತ್ತಾಗಿತ್ತು. ಟೀ ಹಾಗೇ ಉಳಿಯಿತು.